ಮೀನು ಮಾರ್ಕೆಟ್ ಮರಿಗಳು, ಮೊಸರನ್ನದ ಬೆಕ್ಕು

ಪ್ರಶ್ನೆ: ಮೀನು ಮಾರ್ಕೆಟ್ ಹತ್ತಿರ ಯಾರೋ ಬಿಟ್ಟುಹೋದ ಮರಿಗಳನ್ನು ಆಗಾಗ ಮನೆಗೆ ತರುತ್ತೇನೆ. ನಿಮ್ಮ ಹಾಗೆ ನಾನೂ ಬೆಕ್ಕುಗಳಿಗೆ ಒಂದು ಚಿಕ್ಕ ಆಶ್ರಯ ಮಾಡಬೇಕು ಅಂತಿದ್ದೇನೆ. ದಿನವಿಡೀ ಅವುಗಳ ಜೊತೆ ಇರೋದು ಎಷ್ಟು ಚೆಂದ ಅಲ್ವಾ? ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಕಾರವಾರ

ಉತ್ತರ: ಚೆಂದ ಹೌದು. ಆದರೆ ಅರ್ಧ ದಿನ ಬಾಗಿಲು ಹಾಕಿ ತೆಗೆಯೋದರಲ್ಲಿ, ಅವು ಹೊಲಸು ಮಾಡುವ ಟ್ರೇ ತೊಳೆಯೋದರಲ್ಲೇ ಹೋಗುತ್ತದೆ. ಹೊಸ ಮರಿ ಬಂತು ಅಂದರೆ ಎರಡು ವಾರ ಅದಕ್ಕೆ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಟ್ರೇ. ಅದನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದು, ಬಟ್ಟೆ ಬದಲಿಸಿ ಆಮೇಲೆ ಉಳಿದವುಗಳ ಹತ್ತಿರ ಹೋಗಬೇಕು. ಇಷ್ಟೆಲ್ಲ ಯಾಕೆ ಅಂದರೆ ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ವೈರಸ್ ರೋಗಕ್ಕೆ ಹೆದರಿ. ಬೆಳಿಗ್ಗೆ ಆಡಿಕೊಂಡಿದ್ದ ಮರಿ ಸಂಜೆ ನೀರಿನ ಬಟ್ಟಲ ಮೇಲೆ ತಲೆ ಇಳಿಬಿಟ್ಟು ಕೂತಿರುತ್ತದೆ. ಕುಡಿಯುವುದಿಲ್ಲ, ಸುಮ್ನೆ ನೋಡುತ್ತಿರುತ್ತದೆ. ಬೆಳಗಾಗಲಿ ಅಂತ ಕಾಯಬೇಡಿ, ಡಾಕ್ಟರ ಹತ್ತಿರ ಒಯ್ಯಿರಿ.

ಈ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ನೆಲ ಒರೆಸಲು ಬ್ಲೀಚಿಂಗ್ ಪೌಡರ್ ನೀರು ಬಳಸಿ, ಪೂರ್ತಿ ಒಣಗಿದ ಮೇಲೆ ಬೆಕ್ಕು ಬಿಡಿ. ಫಿನಾಯಿಲ್ ಬೇಡವೇ ಬೇಡ. ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸಿಕೊಳ್ಳಲು ಆಗುವುದಿಲ್ಲ, ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದರೂ ವಿಷ. ಪ್ಯಾರಾಸಿಟಮಾಲ್ ಕೂಡ ಹಾಗೇ, ಕಾಲು ಮಾತ್ರೆಯೂ ಕೊಡಬೇಡಿ. ಪ್ಯಾನ್‌ಲ್ಯೂಕೋಪೀನಿಯಾದ ಲಸಿಕೆ ಮರಿಗೆ ಎಂಟು ವಾರ ತುಂಬಿದಾಗ ಒಂದು, ಮೂರ್ನಾಲ್ಕು ವಾರ ಬಿಟ್ಟು ಇನ್ನೊಂದು. ರೇಬೀಸ್‌ನದ್ದು ಮೂರು ತಿಂಗಳು ತುಂಬಿದಾಗ.

ಇನ್ನು ಮರಿಯಾಗದಂತೆ ಮಾಡಿಸುವ ಆಪರೇಷನ್. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬಸಿರಾಗಬಹುದು, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಆ ಮರಿಗಳು ಹಾಲು ಬಿಡುವ ಮೊದಲೇ ಮತ್ತೆ ಬಸಿರಾದರೂ ಆಶ್ಚರ್ಯ ಇಲ್ಲ. ಇದಕ್ಕೆ ದುಡ್ಡು ಎತ್ತಿಡದೆ ಆಶ್ರಯ ತೆರೆದರೆ ನೀವು ಬೆಕ್ಕು ಉಳಿಸಿದ ಹಾಗಲ್ಲ, ಹೆಚ್ಚಿಸಿದ ಹಾಗೆ. ಖಾರವಾಯಿತೇನೋ, ಇರಲಿ. ಮಾರ್ಕೆಟ್ಟಿನ ದೊಡ್ಡ ಬೆಕ್ಕುಗಳನ್ನೆಲ್ಲ ಮನೆಗೆ ತರಬೇಕಂತಿಲ್ಲ. ಆಪರೇಷನ್ ಮಾಡಿಸಿ, ಗುರುತಿಗೆ ಕಿವಿಯ ತುದಿ ಚೂರು ಕತ್ತರಿಸಿಕೊಂಡು, ಗಾಯ ವಾಸಿಯಾದ ಮೇಲೆ ಅಲ್ಲೇ ಬಿಡಿ. ಅಲ್ಲಿ ಅವುಗಳಿಗೆ ಊಟ ಗೊತ್ತು, ಜಾಗ ಗೊತ್ತು.

ಮಳೆಗಾಲದ ಲೆಕ್ಕವನ್ನೂ ಈಗಲೇ ಹಾಕಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬಂಗಡೆ, ತಾರ್ಲೆ ನಮಗೇ ದುಬಾರಿ, ಬೆಕ್ಕಿಗೆಲ್ಲಿ? ಕೋಳಿ ಅಂಗಡಿಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಟ್ರೇಗೆ ಹಾಕುವ ಮರಳು ಆ ತೇವದಲ್ಲಿ ಒಣಗುವುದಿಲ್ಲ, ಸಾಮಿಲ್‌ನಿಂದ ಒಣ ಮರದ ಹುಡಿ ಚೀಲಗಟ್ಟಲೆ ತಂದಿಡಿ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ತೋಟದಲ್ಲಿ ಸಿಕ್ಕ ಬೆಕ್ಕಿಗೆ ಎರಡು ಹೊತ್ತೂ ಮೊಸರನ್ನ. ಸಾಕಾಗುತ್ತದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಮೊಸರನ್ನ ಒಂದೇ ಸಾಲದು. ಬೆಕ್ಕಿಗೆ ಟಾರಿನ್ ಅನ್ನುವ ಪೋಷಕಾಂಶ ಬೇಕು, ಅದು ಸಿಗುವುದು ಮಾಂಸ, ಮೀನಿನಲ್ಲಿ. ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಈ ಹೃದಯದ ನಂಟನ್ನು ಅಮೆರಿಕದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ಅಡಿಕೆ ಅಟ್ಟದಲ್ಲಿ ಇಲಿ ಹಿಡಿದು ತಿನ್ನುವ ಬೆಕ್ಕು ತನ್ನ ಪಾಲು ತಾನೇ ನೋಡಿಕೊಳ್ಳುತ್ತದೆ. ಮನೆಯೊಳಗೇ ಇರುವುದಾದರೆ ಅಂಗಡಿಯ ಒಣ ಕ್ಯಾಟ್ ಫುಡ್ ಹಾಕಿ. ಅಡುಗೆಮನೆಗೆ ತರಬೇಕಾಗಿಲ್ಲ, ಹಿತ್ತಿಲ ಜಗಲಿಯಲ್ಲಿ ಒಂದು ಬಟ್ಟಲು ಇಟ್ಟರಾಯಿತು. ನಾಯಿಯದ್ದು ಮಾತ್ರ ತರಬೇಡಿ, ಬೆಕ್ಕಿಗೆ ಬೇಕಾದಷ್ಟು ಟಾರಿನ್ ಅದರಲ್ಲಿ ಇರುವುದಿಲ್ಲ.