ಮೊದಲು ತೆರೆದ ಪುಟ ಯಾವುದು?

"ರಾತ್ರಿಯೆಲ್ಲ ವಿಕಿಪೀಡಿಯ ಓದ್ತಾರೆ, ಹೇಗಾದ್ರೂ ಬಿಡಿಸಿ" ಎಂದು ನನ್ನ ಬಳಿ ಆಪ್ತಸಲಹೆಗೆ ಬರುವ ಮನೆಯವರು ಈಚೆಗೆ ಜಾಸ್ತಿ. ಎಲ್ಲರಿಗೂ ಬೇಕಿರುವುದು ಒಂದೇ, ಮೊಬೈಲಿಗೆ ಬೀಗ. ನಾನು ಸುಲಭಕ್ಕೆ ಒಪ್ಪುವುದಿಲ್ಲ. ಯಾಕೆಂದು ಹೇಳಲು ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಆತನಿಗೆ ಮೂವತ್ತು ದಾಟಿತ್ತು. ಲೆಕ್ಕಪತ್ರದ ಕೆಲಸ. ನಿದ್ದೆಗೆಟ್ಟು ಹಗಲಲ್ಲಿ ತಪ್ಪುಗಳಾಗುತ್ತಿದ್ದವು. "ಒಂದಕ್ಕೊಂದು ಸಂಬಂಧವೇ ಇಲ್ಲದ್ದು ಓದ್ತಾರೆ" ಎನ್ನುವುದು ಹೆಂಡತಿಯ ದೂರು.

ಎರಡನೇ ಭೇಟಿಯಲ್ಲಿ ಹಿಂದಿನ ರಾತ್ರಿಯ ಬ್ರೌಸರ್ ಹಿಸ್ಟರಿ ತೆಗೆಯಲು ಹೇಳಿದೆ. ಮೇಲಿನಿಂದ ಓದತೊಡಗಿದರು. ಲಸಿಕೆ ತಯಾರಿಕೆ, ಹಾರ್ಸ್‌ಶೂ ಏಡಿ, ಆಕ್ಟೋಪಸ್. ಆಕ್ಟೋಪಸ್ಸಿಗೆ ಮೂರು ಹೃದಯ, ರಕ್ತದಲ್ಲಿ ತಾಮ್ರ ಇರುವುದರಿಂದ ಅದು ನೀಲಿ ಎಂದು ಹೇಳುವಾಗ ಮುಖ ಅರಳಿತ್ತು. ಆ ಏಡಿಯ ರಕ್ತವೂ ನೀಲಿಯೇ, ಇಂಜೆಕ್ಷನ್ನಿನಲ್ಲಿ ಬ್ಯಾಕ್ಟೀರಿಯಾದ ವಿಷ ಇದೆಯೇ ಎಂದು ನೋಡಲು ಅದನ್ನು ಬಳಸುತ್ತಾರೆ ಎಂದರು. ನನಗೂ ಕೇಳುತ್ತಾ ಕೂರುವ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ.

"ಈಗ ಕೆಳಗಿನಿಂದ ಮೇಲಕ್ಕೆ ಬನ್ನಿ" ಎಂದೆ. ತಳದಲ್ಲಿ, ಅಂದರೆ ಆ ರಾತ್ರಿ ಮೊದಲು ತೆರೆದದ್ದು, ಕೈಕಾಲು ನಡುಗಿಸುವ ನರರೋಗವಾದ ಪಾರ್ಕಿನ್ಸನ್ ಕಾಯಿಲೆ. ಅದರ ಮೇಲೆ ಜೇಮ್ಸ್ ಪಾರ್ಕಿನ್ಸನ್, 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ವೈದ್ಯ. ಆತ ಪಳೆಯುಳಿಕೆಗಳ ಹುಚ್ಚನೂ ಹೌದು. ಅಲ್ಲಿಂದ ಅಮೊನೈಟ್ ಎಂಬ ಅಳಿದುಹೋದ ಚಿಪ್ಪಿನ ಜೀವಿ, ಅದರ ದೂರದ ನೆಂಟ ಆಕ್ಟೋಪಸ್. ಹಿಂದಿನ ರಾತ್ರಿಗಳನ್ನೂ ನೋಡಿದೆವು. ದಾರಿಗಳು ಬೇರೆ ಬೇರೆ, ತಳದಲ್ಲಿ ಮಾತ್ರ ಅದೇ ಕಾಯಿಲೆ.

"ಯಾರಿಗೆ?" ಎಂದೆ.

"ಅಪ್ಪನಿಗೆ."

"ಆ ಪುಟ ಎಷ್ಟು ಓದಿದ್ದೀರಿ?"

ಬಹಳ ಹೊತ್ತು ಸುಮ್ಮನಿದ್ದರು. "ಮೊದಲ ಪ್ಯಾರಾ. ಆಮೇಲೆ ಯಾವುದಾದ್ರೂ ಲಿಂಕ್ ಒತ್ತಿಬಿಡ್ತೀನಿ."

ಓದು ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಆ ಪುಟವನ್ನು ಹಗಲಲ್ಲಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊನೆತನಕ ಓದಿ ಎಂದೆ. ಭಯವಾದ ಕಡೆ ಲಿಂಕ್ ಒತ್ತುವ ಬದಲು ಆ ಭಯವನ್ನೇ ಪ್ರಶ್ನೆಯಾಗಿ ಬರೆದು, ಅಪ್ಪನನ್ನು ನೋಡುತ್ತಿರುವ ನರರೋಗ ವೈದ್ಯರ ಮುಂದೆ ಇಡಿ. ವಿಶ್ವಕೋಶ ಕಾಯಿಲೆಯ ಬಗ್ಗೆ ಹೇಳುತ್ತದೆ, ನಿಮ್ಮ ಅಪ್ಪನ ಬಗ್ಗೆ ಅಲ್ಲ. ಪಾರ್ಕಿನ್ಸನ್ ಪೂರ್ತಿ ವಾಸಿಯಾಗುವುದಿಲ್ಲ ನಿಜ, ಆದರೆ ಲೆವೊಡೋಪಾದಂಥ ಔಷಧಿಗಳು ಲಕ್ಷಣಗಳನ್ನು ಹತೋಟಿಗೆ ತರುತ್ತವೆ, ಕಾಯಿಲೆ ಮುಂದುವರಿಯುವ ವೇಗವೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಇದು ಗೊತ್ತಾಗುವ ಮೊದಲೇ ಆತ ಪ್ರತಿ ರಾತ್ರಿ ಓಡಿಹೋಗುತ್ತಿದ್ದರು.

ಮೊಬೈಲ್ ಕಿತ್ತುಕೊಳ್ಳದೆ ಸಲಿಗೆ ಕೊಟ್ಟೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಕಿತ್ತುಕೊಂಡಿದ್ದರೆ ಭಯ ಎಲ್ಲಿಗೆ ಹೋಗುತ್ತಿತ್ತು? ಆ ಮನುಷ್ಯನಿಗೆ ಉಳಿದಿದ್ದ ಒಂದೇ ಖುಷಿ ಆ ಓದು. ಕುತೂಹಲವನ್ನು ಚಟ ಎನ್ನುವುದಕ್ಕೆ ನನ್ನ ತಕರಾರಿದೆ, ಇರುತ್ತದೆ ಕೂಡ.

ಹಾಗಂತ ಎಲ್ಲ ಓದುಗರ ಹಿಂದೆಯೂ ಭಯ ಇರುವುದಿಲ್ಲ. ಎಷ್ಟೋ ಜನರ ಹಿಸ್ಟರಿಯ ತಳದಲ್ಲಿ ಇರುವುದು ಕ್ರಿಕೆಟ್ ಆಟಗಾರನೋ ಜ್ವಾಲಾಮುಖಿಯೋ, ಅಷ್ಟೇ. ಅಂಥವರಿಗೆ ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗಿಟ್ಟು ಮಲಗಿ ಎಂದರೆ ಸಾಕು, ನನ್ನ ಬಳಿ ಬರುವ ಅಗತ್ಯವೇ ಇಲ್ಲ. ಮನೆಯವರು ದೂರು ಹೇಳುವ ಮೊದಲು ಒಮ್ಮೆ ಪಕ್ಕದಲ್ಲಿ ಕೂತು, ಮೊದಲು ಯಾವ ಪುಟ ತೆರೆದೆ ಅಂತ ಮೆತ್ತಗೆ ಕೇಳಿ ನೋಡಬಹುದು, ಅಲ್ವಾ?