ಸೋಮವಾರದ ರಜೆಗಳು ಮತ್ತು ನಿನ್ನ 16.8 ದಿನ

ತಂಗಿ, ನಿನ್ನ ಪ್ರಶ್ನೆ ಓದಿ ನನ್ನದೇ ಮೊದಲ ವರ್ಷ ನೆನಪಾಯಿತು. ನಿನಗೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಜನವರಿಯಿಂದ ಆಫೀಸು ಕೆಲಸ. ಮಂಗಳವಾರ, ಬುಧವಾರ, ಗುರುವಾರ ಮಾತ್ರ. ಪಕ್ಕದ ಟೇಬಲ್‌ನ ಫುಲ್ ಟೈಮ್ ಹುಡುಗಿಗೆ ಈಸ್ಟರ್‌ಗೆ ಎರಡು ದಿನ ರಜೆ, ಮೇ ತಿಂಗಳಲ್ಲಿ ಇನ್ನೆರಡು. ನಿನಗೆ ಒಂದೂ ಇಲ್ಲ. ಎಚ್‌ಆರ್‌ನವರನ್ನು ಕೇಳಿದರೆ, ಆ ದಿನ ನೀನು ಕೆಲಸಕ್ಕೇ ಬರಲ್ಲವಲ್ಲ ಅಂದರಂತೆ. ಅವಳಿಗೆ ವರ್ಷಕ್ಕೆ 25 ದಿನ, ಮೇಲೆ ಬ್ಯಾಂಕ್ ಹಾಲಿಡೇ, ಅಂದರೆ ಇಲ್ಲಿನ ಸಾರ್ವಜನಿಕ ರಜೆ. ನಿನಗೆ ಬರೀ 15. ಇದು ಸರಿಯಾ ಅಂತ ಕೇಳಿದ್ದೀಯ.

ಸರಿ ಇಲ್ಲ. ಆದರೆ ನೀನು ಅಂದುಕೊಂಡ ಕಾರಣಕ್ಕೆ ಅಲ್ಲ.

ನಾವು ಊರಿನ ಲೆಕ್ಕ ಹೊತ್ತುಕೊಂಡು ಬಂದಿರುತ್ತೇವೆ. ಆಗಸ್ಟ್ 15 ಬಂತಾ, ರಜೆ. ನವೆಂಬರ್ 1 ಬಂತಾ, ರಜೆ. ಇಲ್ಲಿ ಬ್ಯಾಂಕ್ ಹಾಲಿಡೇ ದಿನ ಸಂಬಳದ ರಜೆ ಕೊಡಲೇಬೇಕು ಅಂತ ಕಾನೂನಿಲ್ಲ. ಆ ದಿನ ದುಡಿಸಿಕೊಂಡರೆ ಡಬಲ್ ಸಂಬಳ ಕೊಡಬೇಕು ಅಂತಲೂ ಇಲ್ಲ. 1871ರಲ್ಲಿ ಬ್ಯಾಂಕುಗಳಿಗೆ ಅಂತ ಒಂದು ಕಾನೂನು ಮಾಡಿದರು, ಹೆಸರು ಹಾಗೇ ಉಳಿಯಿತು. ರಜೆ ಎಷ್ಟು ಅನ್ನುವುದೆಲ್ಲ ನಿನ್ನ ಕಾಂಟ್ರಾಕ್ಟ್‌ನಲ್ಲಿದೆ. ಅದರ ಕೆಳಗೆ ಕಾನೂನು ಒಂದು ಗೆರೆ ಎಳೆದಿದೆ. ಅದಕ್ಕಿಂತ ಕಡಿಮೆ ಯಾರೂ ಕೊಡುವಂತಿಲ್ಲ.

ಆ ಗೆರೆ ಅಂದರೆ ವರ್ಷಕ್ಕೆ 5.6 ವಾರ. ವಾರಕ್ಕೆ ಐದು ದಿನ ದುಡಿಯುವವರಿಗೆ 28 ದಿನ. ಮೂರು ದಿನದವರಿಗೆ 16.8. ಎರಡು ದಿನದವರಿಗೆ 11.2. ದಿನ ನೋಡಿದರೆ ನಿನ್ನದು ಕಡಿಮೆ ಅನಿಸುತ್ತದೆ, ಆದರೆ ವಾರದ ಲೆಕ್ಕದಲ್ಲಿ ಎಲ್ಲರಿಗೂ ಒಂದೇ. ಇದರೊಳಗೇ ಬ್ಯಾಂಕ್ ಹಾಲಿಡೇ ಸೇರಿಸಿಕೊಳ್ಳಲು ಮಾಲೀಕರಿಗೆ ಅವಕಾಶ ಉಂಟು. ಎಷ್ಟೋ ಕಡೆ ಹಾಗೇ ಮಾಡುತ್ತಾರೆ.

ಈಗ ಕ್ಯಾಲೆಂಡರ್ ತೆಗೆ. ಇಂಗ್ಲೆಂಡಿನಲ್ಲಿ 2026ಕ್ಕೆ ಎಂಟು ಬ್ಯಾಂಕ್ ಹಾಲಿಡೇ. ಏಪ್ರಿಲ್ 6, ಮೇ 4, ಮೇ 25, ಆಗಸ್ಟ್ 31, ಡಿಸೆಂಬರ್ 28, ಈ ಐದೂ ಸೋಮವಾರ. ಕ್ರಿಸ್ಮಸ್ ಮರುದಿನದ ಬಾಕ್ಸಿಂಗ್ ಡೇ ಶನಿವಾರ ಬಿದ್ದಿದ್ದಕ್ಕೆ ಅದನ್ನೂ ಸೋಮವಾರಕ್ಕೆ ತಳ್ಳಿದ್ದಾರೆ. ಗುಡ್ ಫ್ರೈಡೇ ಮತ್ತು ಕ್ರಿಸ್ಮಸ್ ಶುಕ್ರವಾರ. ಉಳಿದದ್ದು ಜನವರಿ 1, ಗುರುವಾರ. ನಿನ್ನ ಪಾಲಿಗೆ ಬರುವುದು ಅದೊಂದೇ.

ಲೆಕ್ಕ ಹಾಕು. ಪೂರ್ತಿ ವರ್ಷ ಅಂತಲೇ ಇಟ್ಟುಕೊಂಡರೂ 15ಕ್ಕೆ ಒಂದು ಸೇರಿಸಿದರೆ 16. ಕಾನೂನಿನ ಗೆರೆ 16.8. ನಿನ್ನ ಎಚ್‌ಆರ್ ಗೆರೆಗಿಂತ ಕೆಳಗೆ ಹೋಗಿದ್ದಾರೆ! ಬೇಕಂತಲೇ ಮಾಡಿರಲಿಕ್ಕಿಲ್ಲ. 25ನ್ನು ಐದರಿಂದ ಭಾಗಿಸಿ ಮೂರರಿಂದ ಗುಣಿಸಿ ಕೈತೊಳೆದುಕೊಂಡಿದ್ದಾರೆ, ಅಷ್ಟೇ. 25ರ ಜೊತೆ 8 ಸೇರಿಸಿ 33 ಮಾಡಿಕೊಂಡು, ಅದರಲ್ಲಿ ಐದನೇ ಮೂರು ಪಾಲು ತೆಗೆದಿದ್ದರೆ 19.8 ಬರುತ್ತಿತ್ತು. ಒಳ್ಳೆ ಕಡೆಗಳಲ್ಲಿ ಹೀಗೇ ಮಾಡುತ್ತಾರೆ. ಆಮೇಲೆ ನಿನ್ನ ಕೆಲಸದ ದಿನಕ್ಕೆ ಬ್ಯಾಂಕ್ ಹಾಲಿಡೇ ಬಿದ್ದರೆ ಅದನ್ನು ಈ 19.8ರಲ್ಲಿ ಕಳೆಯುತ್ತಾರೆ.

16.8ನ್ನು ನೀನು ಹಕ್ಕಿನಿಂದ ಕೇಳಬಹುದು. 19.8ಕ್ಕೆ ಸ್ವಲ್ಪ ಮೆತ್ತಗೆ ಮಾತಾಡು. ಪಾರ್ಟ್ ಟೈಮ್ ಅನ್ನುವ ಕಾರಣಕ್ಕೆ ಕಡಿಮೆ ಕೊಡಬಾರದು ಅಂತ 2000ದಿಂದ ನಿಯಮ ಇದೆ, ನಿಜ. ಆದರೆ ಸ್ಕಾಟ್‌ಲ್ಯಾಂಡಿನಲ್ಲಿ ಸೋಮವಾರ ಕೆಲಸವಿಲ್ಲದ ಒಬ್ಬ ಪಾರ್ಟ್ ಟೈಮ್ ನೌಕರ ಕೋರ್ಟಿಗೆ ಹೋಗಿ 2007ರಲ್ಲಿ ಸೋತ. ಅವನ ಕಂಪನಿ ವಾರದ ಏಳೂ ದಿನ ನಡೆಯುತ್ತಿತ್ತು. ಮಂಗಳವಾರದಿಂದ ಶನಿವಾರದವರೆಗೆ ದುಡಿಯುವ ಫುಲ್ ಟೈಮ್‌ನವರಿಗೂ ಸೋಮವಾರದ ರಜೆ ಸಿಗುತ್ತಿರಲಿಲ್ಲ. ಹಾಗಾಗಿ ಅವನ ರಜೆ ತಪ್ಪಿದ್ದು ಪಾರ್ಟ್ ಟೈಮ್ ಅನ್ನುವುದಕ್ಕಲ್ಲ ಅಂದರು ಕೋರ್ಟಿನವರು. ನಿನ್ನ ಆಫೀಸು ಸೋಮವಾರದಿಂದ ಶುಕ್ರವಾರ ಮಾತ್ರ ಅಲ್ವಾ? ಅಲ್ಲಿ ಈ ವಾದ ಅಷ್ಟು ಸುಲಭವಾಗಿ ನಿಲ್ಲಲ್ಲ.

ಇನ್ನೊಂದು ಮಾತು. ಸೋಮವಾರ ಕೆಲಸ ಇದ್ದವರೆಲ್ಲ ಅದೃಷ್ಟವಂತರು ಅಂದುಕೊಳ್ಳಬೇಡ. ನನ್ನ ಮೊದಲ ಕೆಲಸ ಸೋಮ, ಮಂಗಳ, ಬುಧ. ಬ್ಯಾಂಕ್ ಹಾಲಿಡೇ ಸೇರಿಯೇ 16.8. ಆಫೀಸು ಮುಚ್ಚಿದ ಪ್ರತಿ ಸೋಮವಾರವೂ ನನ್ನ ಗಂಟಿನಿಂದಲೇ ಹೋಗುತ್ತಿತ್ತು. ಐದು ಸೋಮವಾರ ಹೋದರೆ ಉಳಿಯುವುದು 11.8. ಮಳೆಯಲ್ಲಿ ಸುಮ್ನೆ ಮನೆಯಲ್ಲಿ ಕೂತು ರಜೆ ಕರಗಿಸಿದೆ. ಯುಗಾದಿ, ದೀಪಾವಳಿಗೆ ರಜೆ ಕೇಳಲು ಕೈಯಲ್ಲಿ ಏನೂ ಇರಲಿಲ್ಲ. ಸಾಲದ್ದಕ್ಕೆ ಮ್ಯಾನೇಜರ್ 16.8ನ್ನು 16 ಮಾಡಿಬಿಟ್ಟಿದ್ದರು. ಮೇಲಕ್ಕೆ ಏರಿಸಬಹುದು, ಕೆಳಕ್ಕೆ ಇಳಿಸುವ ಹಾಗಿಲ್ಲ ಅಂತ ನನಗೆ ಎರಡು ವರ್ಷ ಗೊತ್ತೇ ಇರಲಿಲ್ಲ. 0.8 ದಿನ ಅಂದರೆ ಎಂಟು ಗಂಟೆಯ ದಿನದಲ್ಲಿ 6 ಗಂಟೆ 24 ನಿಮಿಷ. ಒಂದು ಹಬ್ಬದ ಅಡುಗೆ ಮುಗಿಯುತ್ತದೆ.

ನಿನ್ನ ಜೊತೆ ಮನೆ ಹಂಚಿಕೊಂಡಿರುವ ಸ್ಟೂಡೆಂಟ್ ಹುಡುಗಿಯ ಕಥೆ ಬೇರೆ. ಅಂಗಡಿಯಲ್ಲಿ ಒಂದು ವಾರ ಎಂಟು ಗಂಟೆ, ಇನ್ನೊಂದು ವಾರ ಹದಿನೆಂಟು. ಹೀಗೆ ಗಂಟೆ ಏರಿಳಿಯುವವರಿಗೆ 2024ರ ಏಪ್ರಿಲ್‌ನಿಂದೀಚೆ ಶುರುವಾದ ರಜೆ ವರ್ಷಗಳಲ್ಲಿ (ಕಂಪನಿ ರಜೆ ಲೆಕ್ಕ ಹಾಕುವ ಹನ್ನೆರಡು ತಿಂಗಳು) ದುಡಿದ ಗಂಟೆಯ 12.07 ಪರ್ಸೆಂಟ್ ರಜೆ. 100 ಗಂಟೆ ದುಡಿದರೆ ಸುಮಾರು 12 ಗಂಟೆ. ಕೆಲವು ಕಡೆ ರಜೆಯ ಬದಲು ಪ್ರತಿ ಸಂಬಳದ ಜೊತೆಗೇ ಆ ದುಡ್ಡು ಕೊಡುತ್ತಾರೆ. ಅವಳಂಥವರಿಗೆ ಅದು ನಡೆಯುತ್ತದೆ, ಆದರೆ ಪೇಸ್ಲಿಪ್‌ನಲ್ಲಿ ಬೇರೆ ಸಾಲಾಗಿ ಕಾಣಬೇಕು. ಕಾಣದಿದ್ದರೆ ಕೇಳಲಿ. ಜೀರೋ ಅವರ್ ಕಾಂಟ್ರಾಕ್ಟ್ (ಇಷ್ಟು ಗಂಟೆ ಕೆಲಸ ಅಂತ ಖಾತರಿ ಇಲ್ಲದ್ದು), ನಿನಗೆಲ್ಲಿಯ ರಜೆ ಅಂತ ಯಾರಾದರೂ ಅಂದರೆ ನಂಬಬೇಡ ಅನ್ನು.

ನೀನೀಗ ಜಗಳಕ್ಕೆ ಹೋಗಬೇಡ, ಮೇಲ್ ಬರೆ. ಇಲ್ಲಿ ಬಾಯಿಮಾತಿಗೆ ಬೆಲೆ ಕಡಿಮೆ. ವಾರಕ್ಕೆ ಮೂರು ದಿನ, 5.6 ವಾರ, 16.8 ದಿನ, ನನಗೆ ಬರೆದಿರುವುದು 15, ದಯವಿಟ್ಟು ಲೆಕ್ಕ ನೋಡಿ. ಇಷ್ಟೇ ಸಾಕು. ಕೊನೆಯಲ್ಲಿ, ಬ್ಯಾಂಕ್ ಹಾಲಿಡೇಯನ್ನೂ ಪಾಲಿನ ಪ್ರಕಾರ ಸೇರಿಸುತ್ತೀರಾ ಅಂತ ಒಂದು ಪ್ರಶ್ನೆ. ಕಾಂಟ್ರಾಕ್ಟ್‌ನಲ್ಲಿ ರಜೆ ವರ್ಷ ಯಾವ ತಿಂಗಳಿಂದ ಶುರು ಅಂತ ಮೊದಲು ನೋಡಿಕೋ. ಮಧ್ಯದಲ್ಲಿ ಸೇರಿದವರಿಗೆ ಉಳಿದ ವರ್ಷದ ಪಾಲು ಮಾತ್ರ. ಉತ್ತರ ಬರದಿದ್ದರೆ ಕೆಲಸದ ಹಕ್ಕುಗಳ ಬಗ್ಗೆ ಸಲಹೆ ಕೊಡುವ ಏಕಾಸ್ (Acas) ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡು, ಸಲಹೆಗೆ ದುಡ್ಡು ತೆಗೆದುಕೊಳ್ಳಲ್ಲ.

ಡಿಸೆಂಬರ್‌ನಲ್ಲಿ ಮೂರು ವಾರ ಊರಿಗೆ ಹೋಗಬೇಕು, ರಜೆ ಸಾಲುತ್ತದಾ ಅಂತಲೂ ಕೇಳಿದ್ದೀಯ. ಮೂರು ವಾರಕ್ಕೆ ನಿನಗೆ ಖರ್ಚಾಗುವುದು ಒಂಬತ್ತೇ ದಿನ. ಬುಧವಾರ, ಗುರುವಾರ ಅಂತ ಬಿಡಿಬಿಡಿಯಾಗಿ ಕಳೆಯದೆ ಅದನ್ನು ಈಗಲೇ ತೆಗೆದಿಡು. ಕಾನೂನಿನಲ್ಲಿ ನೋಟಿಸ್ ರಜೆಯ ಎರಡರಷ್ಟು ದಿನ ಮೊದಲು ಕೊಟ್ಟರೆ ಸಾಕು, ಆದರೆ ಕ್ರಿಸ್ಮಸ್‌ಗೆ ಎಲ್ಲರೂ ರಜೆ ಕೇಳುತ್ತಾರೆ, ಮ್ಯಾನೇಜರ್ ಬೇಡ ಅನ್ನಲೂಬಹುದು. ಈ ವಾರವೇ ಕೇಳಿಬಿಡು. ಒಪ್ಪಿದ ಮೇಲ್ ಕೈಗೆ ಬಂದ ಮೇಲೆ ಬೆಂಗಳೂರು ಟಿಕೆಟ್ ತೆಗಿ.