ಡಬ್ಬಿಯ ಮೇಲಿನ ವ್ಯಾಟ್ ಬಿಡಿ, ಬಾಗಿಲು ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಹೊರದೇಶಕ್ಕೆ ಬಂದು ಕೆಲವೇ ತಿಂಗಳಾಗಿದೆ, ಹಳೆಯ ಕಾರೊಂದನ್ನು ಕೊಂಡಿದ್ದೀರಿ, ಮುಂಬಾಗಿಲಿನ ಸ್ಪೀಕರ್ ಗರಗರ ಅನ್ನುತ್ತಿದೆ. ಯಾವುದನ್ನು ಹಾಕಲಿ, ಊರಿಂದ ಬರುವವರ ಕೈಲಿ ತರಿಸಲೇ, ನಾನೇ ಕೂರಿಸಬಹುದೇ, ಸಬ್‌ವೂಫರ್ (ತಗ್ಗು ಸ್ವರಕ್ಕೆಂದೇ ಇರುವ ದೊಡ್ಡ ಸ್ಪೀಕರ್) ಬೇಕೇ? ಕೊನೆಯಲ್ಲಿ, ಇಲ್ಲಿ ಮನಸ್ಸು ನಿಲ್ಲುವುದು ಯಾವಾಗ ಎಂದೂ ಕೇಳಿದ್ದೀರಿ. ನಿಲ್ಲುತ್ತದೆ, ನಿಧಾನವಾಗಿ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ. ನಾನು ಬಂದ ಹೊಸದರಲ್ಲಿ ಕನ್ನಡ ಕಿವಿಗೆ ಬೀಳುತ್ತಿದ್ದ ಜಾಗವೆಂದರೆ ಕಾರೊಂದೇ. ಹಾಗಾಗಿ ಹಾಡುವವರ ದನಿ ಅಕ್ಷರ ಅಕ್ಷರವಾಗಿ ಕೇಳಬೇಕು ಅನ್ನುವವರಿಗೆ ಬೇಕಾದ್ದನ್ನೇ ಬರೆಯುತ್ತೇನೆ. ಕಾರಿನ ಗಾಜು ನಡುಗಿಸುವ ಆಸೆ ಇದ್ದರೆ ದಾರಿ ಬೇರೆ.

ಮೊದಲು ತಪ್ಪು ಸ್ಪೀಕರಿನದೇ ಹೌದೋ ಅಲ್ಲವೋ ನೋಡಿ. ಬ್ಯಾಲೆನ್ಸ್ (ಎಡ-ಬಲ) ಮತ್ತು ಫೇಡರ್ (ಮುಂದೆ-ಹಿಂದೆ) ತಿರುಗಿಸಿ ಒಂದೊಂದೇ ಸ್ಪೀಕರ್ ಕೇಳಿ. ಗರಗರ ಬರುವಾಗ ಬಾಗಿಲಿನ ಒಳಹಲಗೆಯನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ಸದ್ದು ನಿಂತರೆ ಸಡಿಲವಾಗಿರುವುದು ಕ್ಲಿಪ್ಪು. ನಿಲ್ಲದಿದ್ದರೆ ಸ್ಪೀಕರ್ ಬಿಚ್ಚಿ, ಕೋನನ್ನು, ಅಂದರೆ ಅದುರುವ ಬಟ್ಟಲಿನಂಥ ಭಾಗವನ್ನು, ನಾಲ್ಕು ಬೆರಳಿನಿಂದ ಸಮನಾಗಿ ಮೆಲ್ಲಗೆ ಒತ್ತಿ. ಒಳಗೆ ಕೆರೆದಂತಾದರೆ ಕೋನಿನ ಹಿಂದಿನ ತಂತಿ ಸುರುಳಿ (ಕಾಯಿಲ್) ಹೋಗಿದೆ. ಅಂಚಿನ ಫೋಮ್ ಪುಡಿಯಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ; ಮಲ್ಟಿಮೀಟರಿನಲ್ಲಿ 4 ಓಮ್ ಸ್ಪೀಕರ್ ಸುಮಾರು 3.2ರಿಂದ 3.8 ಓಮ್ ತೋರಿಸಬೇಕು. ಈ ಅಳತೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಳತೆಯ ವಿಷಯ ಬೇಗ ಮುಗಿಸುತ್ತೇನೆ. ಮುಂಬಾಗಿಲಿನಲ್ಲಿ ಸಾಮಾನ್ಯವಾಗಿ 6.5 ಇಂಚು, ಅಂದರೆ 165 ಮಿ.ಮೀ., ಇಲ್ಲವೇ 5.25 ಇಂಚಿನ ಸ್ಪೀಕರ್ ಇರುತ್ತದೆ. ಕೆಲವು ಕಾರುಗಳಲ್ಲಿ 6×9 ಅಂಡಾಕಾರದ್ದು. ಅಗಲಕ್ಕಿಂತ ಆಳ ಮುಖ್ಯ. ಗಾಜನ್ನು ಪೂರ್ತಿ ಇಳಿಸಿ, ಸ್ಪೀಕರ್ ಕೂರುವ ತಗಡಿನಿಂದ ಗಾಜಿನವರೆಗೆ ಎಷ್ಟು ಜಾಗವಿದೆ ಅಳೆಯಿರಿ. ಹೊಸ ಸ್ಪೀಕರಿನ ಆಳ ಅದಕ್ಕಿಂತ ಕನಿಷ್ಠ 5 ಮಿ.ಮೀ. ಕಡಿಮೆ ಇರಬೇಕು. ಇಲ್ಲದಿದ್ದರೆ ಮೊದಲ ಸಲ ಗಾಜು ಇಳಿಸಿದಾಗಲೇ ಅದು ಮ್ಯಾಗ್ನೆಟ್ಟಿಗೆ ತಾಗುತ್ತದೆ.

ಇನ್ನು ಅಂಗಡಿಯವರು ಹೇಳಿದರೆಂದು ನೀವು ಬರೆದ ‘300 ವ್ಯಾಟ್’. ಅದು ಪೀಕ್ ಲೆಕ್ಕ, ಕ್ಷಣಮಾತ್ರದ್ದು. ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಸತತವಾಗಿ ತಾಳುವ ಶಕ್ತಿ. ಅದಕ್ಕೂ ಮೊದಲು ನಿಮ್ಮ ಸ್ಟೀರಿಯೋ ಎಷ್ಟು ಕೊಡಬಲ್ಲದು ನೋಡಿ. ಮುಖದ ಮೇಲೆ ‘50×4’ ಎಂದು ಬರೆದಿರುತ್ತದೆ, ಅಂದರೆ ನಾಲ್ಕು ಚಾನೆಲ್ಲಿಗೆ ತಲಾ 50 ವ್ಯಾಟ್. ಹಿಂದಿನ ಫ್ಯೂಸ್ ಬಹಳಷ್ಟರಲ್ಲಿ 10 ಆಂಪಿಯರಿನದು. 14.4 ವೋಲ್ಟಿಗೆ 10 ಆಂಪಿಯರ್ ಎಂದರೆ ಒಳಗೆ ಹೋಗುವುದೇ 144 ವ್ಯಾಟ್, ಹೊರಗೆ 200 ಬರುವುದು ಎಲ್ಲಿಂದ? ನಿಜವಾಗಿ ಒಂದು ಚಾನೆಲ್ಲಿಗೆ ಸಿಗುವುದು 15ರಿಂದ 22 ವ್ಯಾಟ್. ಇಷ್ಟರಲ್ಲಿ ಚೆನ್ನಾಗಿ ಹಾಡುವ ಸ್ಪೀಕರ್ ಬೇಕೆಂದರೆ ಸೆನ್ಸಿಟಿವಿಟಿ ನೋಡಿ, ಅಂದರೆ ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ಹಾಡುತ್ತದೆ ಎಂಬ ಡೆಸಿಬೆಲ್ (ಡಿಬಿ) ಲೆಕ್ಕ. 87 ಡಿಬಿಯ ಸ್ಪೀಕರಿಗೂ 90 ಡಿಬಿಯದಕ್ಕೂ ಇರುವ ಆ 3 ಡಿಬಿ ಅಂತರ ಆಂಪ್ಲಿಫೈಯರಿನ ಶಕ್ತಿಯನ್ನು ಎರಡು ಪಟ್ಟು ಮಾಡಿದ್ದಕ್ಕೆ ಸಮ. ಹೋಲಿಸುವಾಗ ಒಂದು ಎಚ್ಚರಿಕೆ: ಕೆಲವು ಕಂಪನಿಗಳು 1 ವ್ಯಾಟಿನಲ್ಲಿ ಅಳೆಯುತ್ತವೆ, ಕೆಲವು 2.83 ವೋಲ್ಟಿನಲ್ಲಿ. 4 ಓಮಿಗೆ 2.83 ವೋಲ್ಟ್ ಎಂದರೆ 2 ವ್ಯಾಟ್. ಅಲ್ಲಿ 3 ಡಿಬಿ ಪುಕ್ಕಟೆಯಾಗಿ ಸೇರಿಕೊಂಡಿರುತ್ತದೆ, ಕಳೆದು ನೋಡಿ.

ಬರೆದಿಟ್ಟುಕೊಂಡ ಓಮ್ ಈಗ ಬೇಕು. ಕಂಪನಿಯ ಸ್ಪೀಕರ್ 2 ಓಮಿನದಾಗಿದ್ದರೆ ಅದರ ಜಾಗಕ್ಕೆ 4 ಓಮಿನದು ಹಾಕಿದಾಗ ಶಕ್ತಿ ಸುಮಾರು ಅರ್ಧಕ್ಕಿಳಿಯುತ್ತದೆ. ತಿರುಗುಮುರುಗು ಇನ್ನೂ ಕೆಟ್ಟದ್ದು. 4 ಓಮಿಗೆ ಮಾಡಿದ ಸ್ಟೀರಿಯೋಗೆ 2 ಓಮ್ ಕೊಟ್ಟರೆ ಬಿಸಿಯಾಗಿ ನಿಲ್ಲುತ್ತದೆ, ಇಲ್ಲವೇ ಸುಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೊಡ್ಡ ಆಡಿಯೋ ಕಂಪನಿಯ ಹೆಸರಿದ್ದರೆ ಸಾಮಾನ್ಯವಾಗಿ ಒಳಗೆ ಎಲ್ಲೋ ಕಾರ್ಖಾನೆಯ ಆಂಪ್ಲಿಫೈಯರ್ ಇರುತ್ತದೆ. ಅದರ ಸ್ವರ ಹೊಂದಾಣಿಕೆ ಹಳೆಯ ಸ್ಪೀಕರಿಗೆಂದೇ ಮಾಡಿದ್ದು. ಅಂಥ ಕಾರಿನಲ್ಲಿ ಸ್ಪೀಕರ್ ಮಾತ್ರ ಬದಲಿಸಿದರೆ ಸದ್ದು ಕೆಡುವ ಸಾಧ್ಯತೆಯೇ ಹೆಚ್ಚು.

ಕೋಆಕ್ಸಿಯಲ್ಲೋ ಕಾಂಪೊನೆಂಟೋ? ಕೋಆಕ್ಸಿಯಲ್ಲಿನಲ್ಲಿ ಟ್ವೀಟರ್ (ಮೇಲುಸ್ವರದ ಪುಟ್ಟ ಸ್ಪೀಕರ್) ಕೋನಿನ ನಡುವೆಯೇ ಕೂತಿರುತ್ತದೆ. ಹಾಕುವುದು ಸುಲಭ, ಆದರೆ ದನಿ ಮೊಣಕಾಲಿನ ಹತ್ತಿರದಿಂದ ಬರುತ್ತದೆ. ಕಾಂಪೊನೆಂಟ್ ಸೆಟ್ಟಿನಲ್ಲಿ ಟ್ವೀಟರನ್ನು ಬೇರೆಯಾಗಿ ಕನ್ನಡಿಯ ತ್ರಿಕೋನದಲ್ಲೋ ಡ್ಯಾಶಿನ ಮೂಲೆಯಲ್ಲೋ ಕೂರಿಸಬಹುದು. ಗಾಯಕರು ಎದುರಿಗೆ ನಿಂತು ಹಾಡಿದಂತೆ ಕೇಳುತ್ತದೆ. ನಿಮ್ಮ ಕಾರಿನಲ್ಲಿ ಟ್ವೀಟರಿಗೆ ಮೊದಲೇ ಜಾಗವಿದ್ದರೆ ಎರಡನೆಯದನ್ನೇ ಕೊಳ್ಳಿ. ದಿನಾ ಗಂಟೆಗಟ್ಟಲೆ ಕೇಳುವ ಕಿವಿಗೆ ರೇಷ್ಮೆ ಗುಮ್ಮಟದ ಟ್ವೀಟರ್ ಹಿತ. ಲೋಹದ್ದು ಹೆಚ್ಚು ಸ್ಪಷ್ಟ, ಆದರೆ ಸಕಾರ ಶಕಾರಗಳು ಚುಚ್ಚುತ್ತವೆ. ಬಾಗಿಲೊಳಗೆ ತೇವ ಇದ್ದೇ ಇರುವುದರಿಂದ ಕೋನು ಪಾಲಿಪ್ರೊಪಿಲೀನ್ ಆಗಿರಲಿ, ಅಂಚು ಫೋಮಿನ ಬದಲು ರಬ್ಬರಿನದಿರಲಿ.

ಇಷ್ಟು ವರ್ಷದಲ್ಲಿ ನಮ್ಮವರ ಕಾರುಗಳಲ್ಲಿ ನೋಡಿ ನೋಡಿ ಬೇಸರವಾಗುವುದು ಒಂದೇ ವಿಷಯಕ್ಕೆ. ಸ್ಪೀಕರಿಗೆ ದುಡ್ಡು ಸುರಿದು ಅದನ್ನು ತೂತು ಬಾಗಿಲಿಗೆ ಬಿಗಿಯುತ್ತಾರೆ. ತಳ ಒಡೆದ ಮಡಕೆಗೆ ನೀರು ಹೊಯ್ದಂತೆ. ಬಾಗಿಲಿನ ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ಕಿಂಡಿಗಳಿರುತ್ತವೆ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮಾತ್ರ. ಕೋನು ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಅದೇ ಕ್ಷಣಕ್ಕೆ ಹಿಂದಿನ ಗಾಳಿ ಸಡಿಲವಾಗುತ್ತದೆ. 100 ಹರ್ಟ್ಸಿನ ಅಲೆ ಸುಮಾರು 3.4 ಮೀಟರ್ ಉದ್ದ, ಕಿಂಡಿಯಲ್ಲಿ ನುಸುಳಿ ಹಿಂದಿನದು ಮುಂದಿನದನ್ನು ಅಳಿಸಿಬಿಡುತ್ತದೆ. ಟ್ವೀಟರಿನ ಸಣ್ಣ ಅಲೆಗಳಿಗೆ ಈ ಕಾಟವಿಲ್ಲ. ಅದಕ್ಕೇ ಹೊಸ ಸ್ಪೀಕರ್ ಹಾಕಿದ ಮೇಲೆ ಚಿಲಿಪಿಲಿ ಹೆಚ್ಚಿ, ದನಿಯ ಮೈ ಮಾಯವಾಗುವುದು. ಗಂಡಸರ ದನಿಯ ಬುಡ ಇರುವುದು 100ರಿಂದ 200 ಹರ್ಟ್ಸಿನ ಆಸುಪಾಸಿನಲ್ಲಿ. ಸಬ್‌ವೂಫರ್ ಕೆಲಸ ಮಾಡುವುದು 80ರ ಕೆಳಗೆ. ಬಾಗಿಲಿನಲ್ಲಿ ಕಳೆದುಕೊಂಡದ್ದನ್ನು ಡಿಕ್ಕಿಯಲ್ಲಿಟ್ಟ ಪೆಟ್ಟಿಗೆ ತಂದುಕೊಡುವುದಿಲ್ಲ. ನಿಮ್ಮ ನಾಲ್ಕನೇ ಪ್ರಶ್ನೆಗೆ ಇದೇ ಉತ್ತರ: ಮೊದಲು ಬಾಗಿಲು, ಆಮೇಲೂ ಸಾಲದೆನಿಸಿದರೆ ಸಬ್.

ಕೆಲಸ ನೀವೇ ಮಾಡಬಹುದು. ಒಂದು ಬಾಗಿಲಿಗೆ ಅರ್ಧ ದಿನ ಇಟ್ಟುಕೊಳ್ಳಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಕಾಯಿರಿ, ಹಳದಿ ವೈರ್ ಮತ್ತು ಹಳದಿ ಪ್ಲಗ್‌ಗಳನ್ನು ಮುಟ್ಟಬೇಡಿ, ಅವು ಏರ್‌ಬ್ಯಾಗಿನವು. ಒಳಹಲಗೆ ಕೀಳಲು ಪ್ಲಾಸ್ಟಿಕ್ ಮೀಟುಗೋಲು ಬಳಸಿ. ಚಳಿ ದೇಶದಲ್ಲಿದ್ದರೆ ಕ್ಲಿಪ್ಪುಗಳು ಪಟಪಟ ಮುರಿಯುತ್ತವೆ, ಹತ್ತು ಹೆಚ್ಚುವರಿ ತಂದಿಟ್ಟುಕೊಳ್ಳಿ. ಹಳೆಯ ಸ್ಪೀಕರಿಗೆ ರಿವಿಟ್ ಹೊಡೆದಿದ್ದರೆ ಡ್ರಿಲ್ ಮಾಡಿ ತೆಗೆಯಬೇಕು. ಉದುರಿದ ಕಬ್ಬಿಣದ ಪುಡಿಯನ್ನು ಪೂರ್ತಿ ಗುಡಿಸುವವರೆಗೆ ಹೊಸ ಸ್ಪೀಕರನ್ನು ಡಬ್ಬಿಯಿಂದ ತೆಗೆಯಬೇಡಿ, ಮ್ಯಾಗ್ನೆಟ್ ಎಳೆದುಕೊಳ್ಳುತ್ತದೆ.

ತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಹೊರತಗಡಿನ ಒಳಮೈಗೆ 2 ಮಿ.ಮೀ. ದಪ್ಪದ, ಅಲ್ಯೂಮಿನಿಯಂ ಹೊದಿಕೆಯ ಬ್ಯೂಟೈಲ್ (ಅಂಟು ರಬ್ಬರ್) ಹಾಳೆ ಅಂಟಿಸಿ ರೋಲರಿನಿಂದ ಬಲವಾಗಿ ಉಜ್ಜಿ. ಕಾಲು ಭಾಗದಷ್ಟು ಮುಚ್ಚಿದರೆ ತಗಡಿನ ಝಣಝಣ ನಿಲ್ಲುತ್ತದೆ. ಪೂರ್ತಿ ಮುಚ್ಚಿದರೆ ಬಾಗಿಲಿನ ತೂಕ ಹೆಚ್ಚುತ್ತದೆ, ಚದರ ಮೀಟರಿಗೆ ಸುಮಾರು 3 ಕಿಲೋ. ಚಳಿಯಲ್ಲಿ ಬ್ಯೂಟೈಲ್ ಹಿಡಿಯುವುದಿಲ್ಲ, ಹೀಟ್ ಗನ್ ಇಲ್ಲವೇ ಕೂದಲು ಒಣಗಿಸುವ ಡ್ರೈಯರಿನಿಂದ ಬೆಚ್ಚಗೆ ಮಾಡಿ. ಅಗ್ಗವೆಂದು ಛಾವಣಿಗೆ ಹಾಕುವ ಟಾರಿನ ಹಾಳೆ ತರಬೇಡಿ, ಬಿಸಿಲಿಗೆ ಕರಗಿ ವಾಸನೆ ಬರುತ್ತದೆ. ಒಳತಗಡಿನ ದೊಡ್ಡ ಕಿಂಡಿಗಳಿಗೆ ತೆಳು ಅಲ್ಯೂಮಿನಿಯಂ ತಗಡು ಕತ್ತರಿಸಿ ಸ್ಕ್ರೂ ಹಾಕಿ, ಅಂಚಿಗೆ ಬ್ಯೂಟೈಲ್ ಒತ್ತಿ. ನಾಳೆ ಗಾಜಿನ ಮೋಟಾರ್ ಕೆಟ್ಟರೆ ಬಿಚ್ಚಬೇಕಲ್ಲ. ಬಾಗಿಲಿನ ತಳದಲ್ಲಿ ಮಳೆನೀರು ಹೋಗುವ ಸೀಳುಗಳನ್ನು ಮಾತ್ರ ಎಂದಿಗೂ ಮುಚ್ಚಬೇಡಿ. ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗಿನ ಒತ್ತಡ ಸೆನ್ಸರ್ ಬಾಗಿಲೊಳಗೇ ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಕಿಂಡಿ ಮುಚ್ಚುವ ಕೆಲಸಕ್ಕೆ ಕೈಹಾಕಬೇಡಿ, ಹೊರತಗಡಿನ ಹಾಳೆಯಷ್ಟಕ್ಕೇ ನಿಲ್ಲಿಸಿ. ಯಾವ ದನಿಯೂ ಅಷ್ಟು ಬೆಲೆಬಾಳುವುದಿಲ್ಲ.

ಸ್ಪೀಕರಿನ ಕೆಳಗಿನ ಉಂಗುರ ಗಟ್ಟಿ ಪ್ಲಾಸ್ಟಿಕ್ಕಿನದಿರಲಿ, ಎಂಡಿಎಫ್ ಮರ ನೀರು ಕುಡಿದು ಉಬ್ಬುತ್ತದೆ. ಉಂಗುರದ ಎರಡೂ ಬದಿಗೆ ಫೋಮ್ ಪಟ್ಟಿ, ಸ್ಪೀಕರಿನ ಎದುರು ಅಂಚಿನಿಂದ ಒಳಹಲಗೆಯ ಜಾಲರಿಯವರೆಗೆ ಇನ್ನೊಂದು. ಇಲ್ಲದಿದ್ದರೆ ಅರ್ಧ ಸದ್ದು ಹಲಗೆಯ ಹಿಂದೆಯೇ ಉಳಿಯುತ್ತದೆ.

ಕಾರಿನ ವೈರ್ ಕತ್ತರಿಸಬೇಡಿ. ಹೆಚ್ಚಿನ ಕಾರುಗಳಿಗೆ ಅಡಾಪ್ಟರ್ ಪ್ಲಗ್ ಸಿಗುತ್ತದೆ. ಹೊಸಬರು ಕಾರು ಬೇಗ ಬದಲಿಸುತ್ತಾರೆ, ಮಾರುವಾಗ ಹಳೆಯ ಸ್ಪೀಕರನ್ನೇ ಮತ್ತೆ ಹಾಕಿ ನಿಮ್ಮದನ್ನು ಬಿಚ್ಚಿಕೊಂಡು ಹೋಗಬಹುದು. ಲೀಸಿನ ಕಾರಾದರೆ ಇದು ಕಡ್ಡಾಯವೆಂದೇ ತಿಳಿಯಿರಿ. ಪ್ಲಸ್ ಮೈನಸ್ ಅನುಮಾನವಿದ್ದರೆ ಪ್ಲಗ್ ಬಿಚ್ಚಿ 1.5 ವೋಲ್ಟಿನ ಶೆಲ್ ಒಂದು ಕ್ಷಣ ತಾಗಿಸಿ. ಕೋನು ಹೊರಕ್ಕೆ ಬಂದರೆ ಶೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಒಂದು ಬದಿ ಉಲ್ಟಾ ಆದರೆ ಬೇಸ್ ಕರಗಿ, ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

ಊರಿಂದ ತರಿಸುವ ಮಾತು: ಸ್ಪೀಕರ್ ತರಿಸಿದರೆ ತೊಂದರೆಯಿಲ್ಲ, ತೂಕವಷ್ಟೇ, ವಾರಂಟಿ ಇಲ್ಲಿಗೆ ಬರುವುದಿಲ್ಲ. ಸ್ಟೀರಿಯೋ ತರಿಸಬೇಡಿ. ಅಮೆರಿಕ ಖಂಡದಲ್ಲಿ ಎಎಂ ರೇಡಿಯೋ ಸ್ಟೇಷನ್‌ಗಳ ನಡುವಿನ ಹೆಜ್ಜೆ 10 ಕಿಲೋಹರ್ಟ್ಸ್, ಭಾರತದಲ್ಲಿ 9. ಪ್ರದೇಶ ಬದಲಿಸುವ ಸೆಟಿಂಗ್ ಇಲ್ಲದಿದ್ದರೆ ಸ್ಟೇಷನ್ ಸರಿಯಾಗಿ ಹಿಡಿಯುವುದಿಲ್ಲ.

ಕೊನೆಗೆ ಸೆಟಿಂಗ್. ಹೈಪಾಸ್ ಎಂದರೆ ಅದಕ್ಕಿಂತ ತಗ್ಗಿನ ಸ್ವರವನ್ನು ತಡೆಯುವ ಮಿತಿ: 6.5 ಇಂಚಿಗೆ 80 ಹರ್ಟ್ಸ್, 5.25ಕ್ಕೆ 100. ಲೌಡ್‌ನೆಸ್ ಮತ್ತು ಬೇಸ್ ಬೂಸ್ಟ್ ಆಫ್ ಮಾಡಿ. ಸ್ಟೀರಿಯೋದಲ್ಲಿ ಟೈಮ್ ಅಲೈನ್‌ಮೆಂಟ್ (ಎರಡೂ ಬದಿಯ ಸದ್ದು ಒಟ್ಟಿಗೆ ಕಿವಿ ಮುಟ್ಟುವಂತೆ ಮಾಡುವ ಸೆಟಿಂಗ್) ಇದ್ದರೆ ನಿಮ್ಮ ಕಿವಿಯಿಂದ ಎರಡೂ ಬಾಗಿಲಿನ ಸ್ಪೀಕರಿಗೆ ಟೇಪು ಹಿಡಿದು ಅಳೆಯಿರಿ. ಅಂತರ 34 ಸೆಂ.ಮೀ. ಇದ್ದರೆ ಹತ್ತಿರದ ಸ್ಪೀಕರಿಗೆ 1 ಮಿಲಿಸೆಕೆಂಡ್ ತಡ ಕೊಡಿ. ಇಲ್ಲಿ ಸ್ಟೀರಿಂಗ್ ಎಡಕ್ಕಿದ್ದರೆ ಹತ್ತಿರದ್ದು ಎಡಗಡೆಯದು, ಊರಿನ ಅಭ್ಯಾಸದಲ್ಲಿ ಬಲಕ್ಕೆ ಹಾಕಬೇಡಿ. ಸಂಗೀತವಿಲ್ಲದ ಮಾತಿನ ರೆಕಾರ್ಡಿಂಗ್ ಒಂದನ್ನು ಹಾಕಿ ಕೇಳಿ. ದನಿ ಡ್ಯಾಶಿನ ನಡುವಿನಿಂದ ಬಂದರೆ ಒಳಹಲಗೆಯ ಸ್ಕ್ರೂಗಳನ್ನು ಪೂರ್ತಿ ಬಿಗಿಯಿರಿ. ಒಂದು ತಿಂಗಳಾದ ಮೇಲೆ ಸ್ಪೀಕರಿನ ಸ್ಕ್ರೂಗಳನ್ನು ಇನ್ನೊಮ್ಮೆ ನೋಡಿ, ಫೋಮ್ ಪಟ್ಟಿ ಕೂತು ಅವು ಸಡಿಲವಾಗಿರುತ್ತವೆ.